ಒಂದೇ ಕ್ಯೂಆರ್ ಫಲಕ, ಎರಡು ಖಾತೆ

2025ರ ಜುಲೈನಲ್ಲಿ, ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ ಸುದ್ದಿ ಹಬ್ಬಿದಾಗ, ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರು ಬ್ಯಾಂಕ್ ಸ್ಟೇಟ್‌ಮೆಂಟಿನ ಕಟ್ಟು ಹಿಡಿದು ಗದುಗಿನ ನಮ್ಮ ಕಚೇರಿಗೆ ಬಂದರು. ಅವರಿಗೆ ನೋಟಿಸು ಬಂದಿರಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ 40 ಲಕ್ಷ ರೂಪಾಯಿಯ ವಾರ್ಷಿಕ ವಹಿವಾಟನ್ನು ತಮ್ಮ ಖಾತೆಯ ಜಮೆ ಮುಟ್ಟುತ್ತಿದೆಯೇ ಎಂಬುದೊಂದೇ ಅವರ ಆತಂಕವಾಗಿತ್ತು.

ಸ್ಟೇಟ್‌ಮೆಂಟ್ ಓದುತ್ತ ಹೋದಂತೆ ಬೇರೆಯೇ ವಿಷಯ ತಿಳಿಯಿತು. ನೆರೆಮನೆಯ ನೇಕಾರರ ಮಗಳ ಶಸ್ತ್ರಚಿಕಿತ್ಸೆಗೆ ನೆರವು ಕೇಳಿ ಅವರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶದ ಜೊತೆಗೆ ಅಂಗಡಿಯ ಕ್ಯೂಆರ್ ಫಲಕದ ಚಿತ್ರವನ್ನೇ ಹಾಕಿದ್ದರು. ಹುಬ್ಬಳ್ಳಿ, ಬೆಂಗಳೂರು, ಪುಣೆಗಳಿಂದ, ಅವರ ಮುಖವನ್ನೇ ಕಾಣದವರು ಹಣ ಕಳುಹಿಸಿದ್ದರು. ಅಷ್ಟು ದೂರದ ಕರುಣೆ ಅಷ್ಟು ಬೇಗ ಒಂದು ಮನೆ ಮುಟ್ಟಿದ್ದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಸೀರೆಯ ಐನೂರು, ದಾನದ ಐನೂರು ಎರಡೂ ಸ್ಟೇಟ್‌ಮೆಂಟಿನಲ್ಲಿ ಒಂದೇ ರೂಪದಲ್ಲಿದ್ದವು: ಒಂದು ಹೆಸರು, 12 ಅಂಕಿಯ ಒಂದು ಪಾವತಿ ಸಂಖ್ಯೆ. ಬಿಲ್ ಪುಸ್ತಕ ಮತ್ತು ಸಂದೇಶಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ಬಿಡಿಸಲು ಮೂರು ಸಂಜೆ ಹಿಡಿದವು.

ಹಳೆಯ ಅಡತ್ (ದಲ್ಲಾಳಿ) ಅಂಗಡಿಗಳ ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಈ ತೊಡಕು ಇರಲಿಲ್ಲ. ವ್ಯಾಪಾರದ ಜಮೆಯ ಪಕ್ಕದಲ್ಲಿ ಧರ್ಮಾದಾಯಕ್ಕೆ, ಅಂದರೆ ದಾನದ ಹಣಕ್ಕೆ, ಬೇರೆಯೇ ಖಾತೆ ಇರುತ್ತಿತ್ತು. ಆ ಕಾಲದಲ್ಲಿ ಲೆಕ್ಕಕ್ಕಿಂತ ಮೊದಲು ಪರಿಚಯವಿತ್ತು ಎಂಬುದೂ ನಿಜ. ನಮ್ಮ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಕಾಲದ ಕಾಯ್ದೆಯಲ್ಲಿ, ಗ್ರಾಮೀಣ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಮಿತಿಯಿಲ್ಲದೆ ಹೊಣೆಗಾರರಾಗುವುದೇ ಸಾಮಾನ್ಯ ನಿಯಮವಾಗಿದ್ದುದರಿಂದ, ಒಬ್ಬರ ಹೊಲ-ಮನೆಯ ಸ್ಥಿತಿಯನ್ನು ಇನ್ನೊಬ್ಬರು ಬಲ್ಲವರಾಗಿರಲೇಬೇಕಿತ್ತು. ಪುಟ್ಟರಾಜ ಗವಾಯಿಗಳ ತುಲಾಭಾರಕ್ಕೆ ನಾಣ್ಯ ಹಾಕಿದವರು ಪುಣ್ಯಾಶ್ರಮದ ಅಂಧ ಮಕ್ಕಳನ್ನು ಕಣ್ಣಾರೆ ಕಾಣಬಹುದಿತ್ತು. ಇಂಟರ್‌ನೆಟ್ ನಮ್ಮ ಕೋರಿಕೆಯನ್ನು ಪುಣೆಯವರೆಗೆ ಒಯ್ಯುತ್ತದೆ, ಪರಿಚಯವನ್ನು ಒಯ್ಯುವುದಿಲ್ಲ. ಆ ಜಾಗದಲ್ಲಿ ಲೆಕ್ಕವೇ ನಿಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನೆರವು ಕೇಳುವವರು ಅಂಗಡಿಯ ಖಾತೆಯನ್ನು ಬಳಸಬಾರದು. ಸಾಧ್ಯವಿದ್ದಲ್ಲಿ ಹಣ ನೇರವಾಗಿ ಆಸ್ಪತ್ರೆಗೆ, ರೋಗಿಯ ಹೆಸರಿನ ಲೆಕ್ಕಕ್ಕೆ ಹೋಗಲಿ. ಬಂಧುಗಳಲ್ಲದವರಿಂದ ವರ್ಷವೊಂದರಲ್ಲಿ ಒಟ್ಟು 50,000 ರೂಪಾಯಿ ಮೀರಿ ಕೊಡುಗೆ ಬಂದರೆ ಆ ಪೂರ್ತಿ ಮೊತ್ತ ಪಡೆದವರ ಆದಾಯವಾಗುತ್ತದೆ ಎಂಬುದು ಕಷ್ಟದಲ್ಲಿರುವ ಕುಟುಂಬಗಳಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಕೊಡುವವರೂ ತಿಳಿಯಬೇಕಾದದ್ದಿದೆ: ವ್ಯಕ್ತಿಗೆ ಕೊಟ್ಟ ನೆರವಿಗೆ ತೆರಿಗೆ ರಿಯಾಯಿತಿ ಇಲ್ಲ, ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟರೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗದು, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗಂತೂ ಇಲ್ಲವೇ ಇಲ್ಲ.

ಬೆಟಗೇರಿಯ ವ್ಯಾಪಾರಿಯ ವಹಿವಾಟು, ದಾನವನ್ನು ಬೇರ್ಪಡಿಸಿದ ಮೇಲೆ, ಮಿತಿಗಿಂತ ಬಹಳ ಕೆಳಗಿತ್ತು. ಚಿಕಿತ್ಸೆ ಮುಗಿದು ಸ್ವಲ್ಪ ಹಣ ಉಳಿದಿತ್ತು. ಅದು ಕೊಟ್ಟವರದೇ ಎಂದು ನಾನು ಹೇಳಿದ ಮೇಲೆ, ಅವರು ಆಸ್ಪತ್ರೆಯ ಬಿಲ್ಲನ್ನೂ ಉಳಿಕೆಯ ಲೆಕ್ಕವನ್ನೂ ಹಣ ಕಳುಹಿಸಿದವರಿಗೆಲ್ಲ ತಲುಪಿಸಿ, ಏನು ಮಾಡಬೇಕೆಂದು ಕೇಳಿದರು. ಹೆಚ್ಚಿನವರು ಹುಡುಗಿಯ ಔಷಧಿಗೆ ಇರಲಿ ಎಂದರು. ಇಬ್ಬರು ತಮ್ಮ ಪಾಲನ್ನು ಮರಳಿ ಕೇಳಿದರು. ಅದೇ ದಿನ ಕಳುಹಿಸಿ, ಆ ಎರಡು ಪಾವತಿಗಳ ಸಂಖ್ಯೆಗಳನ್ನೂ ಧರ್ಮಾದಾಯದ ಹೊಸ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.