ದೇವರು ಯಾರನ್ನಾದರೂ ಬಳಸಬಲ್ಲನಾದರೆ ನನ್ನ ಒಪ್ಪಿಗೆ ಏಕೆ ಬೇಕು?

ಓದುಗರ ಪ್ರಶ್ನೆ: ದೇವರು ಸರ್ವಶಕ್ತನು, ಯಾರ ಮೂಲಕವಾದರೂ ತನ್ನ ಕಾರ್ಯವನ್ನು ನಡೆಸಬಲ್ಲನು. ಹಾಗಿರುವಾಗ "ಕರ್ತನೇ, ನನ್ನನ್ನು ಉಪಯೋಗಿಸು" ಎಂದು ಪ್ರಾರ್ಥಿಸುವುದಕ್ಕೆ ಅರ್ಥವೇನು? ನಾನು ಒಪ್ಪದಿದ್ದರೆ ಆತನ ಕೆಲಸ ನಿಂತುಹೋಗುತ್ತದೆಯೇ?

ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ನೀನು ಬರದಿದ್ದರೆ ದೇವರ ಕೆಲಸ ಕೆಟ್ಟುಹೋಗುತ್ತದೆ" ಎಂದು ಹೆದರಿಸಿ ಜನರನ್ನು ಸೇವೆಗೆ ತಳ್ಳುವುದುಂಟು. ಅದು ಸತ್ಯವೇದದ ಧ್ವನಿಯಲ್ಲ. ಯೆಹೂದ್ಯರ ಪ್ರಾಣಕ್ಕೆ ಕುತ್ತು ಬಂದಾಗ ಮೊರ್ದೆಕೈ ತಾನು ಸಾಕಿ ಬೆಳೆಸಿದ ಎಸ್ತೇರ್ ರಾಣಿಗೆ ಹೇಳಿಕಳುಹಿಸಿದ ಮಾತನ್ನು ನೋಡಿ: ನೀನು ಸುಮ್ಮನಿದ್ದರೂ ಬಿಡುಗಡೆ ಬೇರೆ ಕಡೆಯಿಂದ ಬಂದೇ ಬರುತ್ತದೆ, ನಷ್ಟ ನಿನಗೂ ನಿನ್ನ ತಂದೆಯ ಮನೆಗೂ ಆಗುತ್ತದೆ. ದೇವರಿಗೆ ಸಾಧನಗಳ ಕೊರತೆ ಎಂದೂ ಇಲ್ಲ.

ಆತನನ್ನು ಅರಿಯದವರೂ ಆತನ ಕೈಯಲ್ಲಿ ಸಾಧನವಾಗಿದ್ದಾರೆ. ಪಾರಸಿಯ ಅರಸ ಕೋರೆಷನು ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದು, ಸೆರೆಯಲ್ಲಿದ್ದ ಯೆಹೂದ್ಯರು ಸ್ವದೇಶಕ್ಕೆ ಮರಳಲು ಅಪ್ಪಣೆ ಕೊಟ್ಟನು. ಯೆಶಾಯನ ಗ್ರಂಥದ 45ನೆಯ ಅಧ್ಯಾಯ ಅವನನ್ನು ಕರ್ತನ ಅಭಿಷಿಕ್ತನೆಂದೇ ಕರೆಯುತ್ತದೆ. ಆದರೆ ಅವನು ದೇವರನ್ನು ಅರಿತಿರಲಿಲ್ಲವೆಂದು ಅಲ್ಲಿಯೇ ಎರಡು ಸಲ ಹೇಳಿದೆ. ಬಳಕೆಯಾಗುವುದು ಬೇರೆ, ಬಲ್ಲವನಾಗುವುದು ಬೇರೆ. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ, ಯೇಸುವಿನ ಹೆಸರಿನಲ್ಲಿ ಪ್ರವಾದನೆ ಹೇಳಿ ಮಹತ್ಕಾರ್ಯಗಳನ್ನು ಮಾಡಿದೆವೆಂದು ಬಂದವರಿಗೆ ಸಿಗುವ ಉತ್ತರ, ನಾನು ನಿಮ್ಮನ್ನು ಎಂದೂ ಅರಿತಿಲ್ಲ ಎಂಬುದು. ಸೇವೆಯಲ್ಲಿರುವ ನಮ್ಮನ್ನು ಇದಕ್ಕಿಂತ ಹೆಚ್ಚು ನಡುಗಿಸಬೇಕಾದ ಮಾತು ನನಗೆ ಗೊತ್ತಿಲ್ಲ.

ನಿಮ್ಮ ಪ್ರಶ್ನೆಗೆ ಯೋನನ ಕಥೆಯೇ ಅತ್ಯಂತ ಹತ್ತಿರದ್ದು. ಸಾಮಾನ್ಯವಾಗಿ ನಾವು ಅದನ್ನು ಮೀನಿನ ಹೊಟ್ಟೆಯವರೆಗೆ ಹೇಳಿ ಮುಗಿಸುತ್ತೇವೆ. ತಿರುಳಿರುವುದು 4ನೆಯ ಅಧ್ಯಾಯದಲ್ಲಿ. ದೇವರ ಅಪ್ಪಣೆಗೆ ಒಪ್ಪದೆ ಓಡಿಹೋಗಿದ್ದ ಪ್ರವಾದಿ ಕೊನೆಗೆ ಅಶ್ಶೂರ್ಯರ ಪಟ್ಟಣವಾದ ನಿನೆವೆಗೆ ಹೋಗಿ, ಅದು ನಾಶವಾಗಲಿದೆ ಎಂದು ಸಾರುತ್ತಾನೆ. ಅವನ ಸಂದೇಶ ಹೀಬ್ರೂ ಮೂಲದಲ್ಲಿ ಬರೀ 5 ಪದಗಳು. ಅರಸನಿಂದ ಹಿಡಿದು ಇಡೀ ಪಟ್ಟಣ ಪಶ್ಚಾತ್ತಾಪಪಟ್ಟಿತು. ಇಂಥ ಫಲ ಕಂಡ ಪ್ರವಾದಿಗಳು ಎಷ್ಟು ಮಂದಿ? ಆದರೂ ದೇವರು ಆ ಪಟ್ಟಣವನ್ನು ನಾಶಮಾಡದೆ ಉಳಿಸಿದ್ದಕ್ಕೆ ಅವನು ಊರಾಚೆ ಕುಳಿತು, ಸತ್ತರೆ ಮೇಲು ಎಂದು ಸಿಡುಕುತ್ತಾನೆ. ದೇವರು 1,20,000ಕ್ಕಿಂತ ಹೆಚ್ಚು ಜನರಿಗಾಗಿ ಮರುಗುತ್ತಿದ್ದರೆ, ಪ್ರವಾದಿ ತನಗೆ ನೆರಳು ಕೊಟ್ಟು ಒಣಗಿಹೋದ ಒಂದು ಬಳ್ಳಿಗಾಗಿ ಮರುಗುತ್ತಾನೆ. ಕೃಪೆ ಅವನ ಬಾಯಿಯ ಮೂಲಕವೇ ಹರಿದುಹೋಯಿತು, ಅವನ ಎದೆಯನ್ನು ಮಾತ್ರ ತೋಯಿಸಲಿಲ್ಲ.

ಒಪ್ಪಿಗೆ ಬೇಕಾಗಿರುವುದು ಇದಕ್ಕಾಗಿ. ಅದು ದೇವರ ಕೈಗೆ ಬಲ ಕೂಡಿಸುವುದಿಲ್ಲ; ಆತನ ಸಂತೋಷದಲ್ಲಿ ನಮಗೊಂದು ಪಾಲು ಕೊಡುತ್ತದೆ. ಯಜಮಾನನು ಮಾಡುವುದು ಆಳಿಗೆ ತಿಳಿಯದು, ನಿಮ್ಮನ್ನಾದರೋ ಸ್ನೇಹಿತರೆಂದು ಕರೆದಿದ್ದೇನೆ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿದೆ. ಸ್ನೇಹವನ್ನು ಯಾರ ಮೇಲೂ ಹೇರಲಾಗದು.

ಒಪ್ಪುವುದೆಂದರೆ ಪ್ರಶ್ನೆ ಕೇಳಬಾರದೆಂದಲ್ಲ. ಯೇಸುವಿಗೆ ತಾಯಿಯಾಗುವಿ ಎಂದು ದೇವದೂತನು ತಿಳಿಸಿದಾಗ ಮರಿಯಳು "ನಿನ್ನ ಮಾತಿನಂತೆ ನನಗಾಗಲಿ" ಎನ್ನುವ ಮೊದಲು "ಇದು ಹೇಗಾದೀತು" ಎಂದು ಕೇಳಿದಳು. ದೇವದೂತನು ಗದರಲಿಲ್ಲ, ವಿವರಿಸಿದನು. ನಿಮ್ಮ ಪ್ರಶ್ನೆಯನ್ನೇ ಅವಿಶ್ವಾಸವೆಂದು ಕರೆದು, ತಮ್ಮ ಇಷ್ಟವನ್ನು ದೇವರ ಚಿತ್ತವೆಂದು ನಿಮ್ಮ ತಲೆಗೆ ಕಟ್ಟುವವರಿದ್ದರೆ ಈ ಭಾಗವನ್ನು ಅವರ ಮುಂದೆ ತೆರೆದಿಡಿ. ಶಿಲುಬೆಯ ಮರಣಕ್ಕೆ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಸ್ವತಃ ಯೇಸುವೇ, ಈ ಪಾತ್ರೆ, ಅಂದರೆ ಈ ಯಾತನೆ, ನನ್ನಿಂದ ತೊಲಗಲಿ ಎಂದು ಬೇಡಿದ ಮೇಲೆ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿದನು.

ಹಾಗಾದರೆ ಎಲ್ಲಿಂದ ಆರಂಭಿಸುವುದು? ದಮಸ್ಕದ ಅನನೀಯನನ್ನು ನೋಡಿ. ಅವನು ಅಪೊಸ್ತಲನಲ್ಲ, ಒಬ್ಬ ಶಿಷ್ಯ, ಅಷ್ಟೆ. ಅವನಿಗೆ ಸಿಕ್ಕಿದ್ದು ಒಂದು ವಿಳಾಸ: ನೆಟ್ಟನೆಯ ಬೀದಿ, ಯೂದನ ಮನೆ, ತಾರ್ಸದ ಸೌಲ. ಮುಂದೆ ಅಪೊಸ್ತಲ ಪೌಲನಾದ ಆ ಸೌಲ, ಅನನೀಯನಂಥ ಯೇಸುವಿನ ಶಿಷ್ಯರನ್ನು ಕಟ್ಟಿಕೊಂಡು ಹೋಗಲು ಅಧಿಕಾರ ಪಡೆದು ಬಂದವನು! ಅನನೀಯನು ತನ್ನ ಭಯವನ್ನು ಮುಚ್ಚಿಡದೆ ಕರ್ತನಿಗೆ ಹೇಳಿಕೊಂಡನು, ಆಮೇಲೆ ಎದ್ದು ಹೋದನು. ಇಡೀ ಜೀವನದ ಯೋಜನೆಯನ್ನು ಅವನ ಮುಂದೆ ಯಾರೂ ಹರಡಿರಲಿಲ್ಲ. ಅಂದು ತಿಳಿದಿದ್ದು ಆ ಒಂದು ಬಾಗಿಲು. ನಿಮಗೂ ಇಂದು ಅಷ್ಟೇ ತಿಳಿದಿರಬಹುದು: ನೋಡಿ ಬರಬೇಕಾದ ಒಬ್ಬ ರೋಗಿ, ಕ್ಷಮಿಸಬೇಕಾದ ಒಬ್ಬ ಅಣ್ಣ.

ಅನನೀಯನು ಒಳಗೆ ಹೋಗಿ, ಮೂರು ದಿನಗಳಿಂದ ಕಣ್ಣು ಕಾಣದೆ ಅನ್ನನೀರು ಬಿಟ್ಟು ಕುಳಿತಿದ್ದ ಆ ಮನುಷ್ಯನ ಮೇಲೆ ಕೈಯಿಟ್ಟನು. ಅವನ ಬಾಯಿಂದ ಬಂದ ಮೊದಲ ಮಾತು, "ಸಹೋದರನಾದ ಸೌಲನೇ."