ಬ್ರಾಡ್‌ವೇ ಆಚೆಯ ನಾಟಕ ನೋಡಿದವರು

1944ರ ಡಿಸೆಂಬರ್ 26. ಕ್ರಿಸ್‌ಮಸ್‌ ಮಾರನೇ ದಿನ. ಶಿಕಾಗೊದ ಸಿವಿಕ್ ಥಿಯೇಟರಿನಲ್ಲಿ ಒಂದು ಹೊಸ ನಾಟಕ ಶುರುವಾಯಿತು. ಹೆಸರು 'ದಿ ಗ್ಲಾಸ್ ಮೆನಾಜರಿ'. ಬರೆದವರು ಟೆನೆಸಿ ವಿಲಿಯಮ್ಸ್. ಆಗ ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಚಳಿ ಬೇರೆ. ಶುರುವಿನ ದಿನಗಳಲ್ಲಿ ಟಿಕೆಟ್ ಹೋಗಲೇ ಇಲ್ಲ. ಇಲ್ಲಿಗೇ ನಿಲ್ಲಿಸಿಬಿಡೋಣ ಎಂಬ ಮಾತೂ ಬಂತು.

ಆಗ ಆ ಊರಿನ ಇಬ್ಬರು ವಿಮರ್ಶಕರು ಹಟ ಹಿಡಿದರು. ಒಬ್ಬರು 'ಶಿಕಾಗೊ ಟ್ರಿಬ್ಯೂನ್'ನ ಕ್ಲಾಡಿಯಾ ಕ್ಯಾಸಿಡಿ. ಇನ್ನೊಬ್ಬರು 'ಹೆರಾಲ್ಡ್ ಅಮೆರಿಕನ್'ನ ಆಷ್ಟನ್ ಸ್ಟೀವನ್ಸ್. ಮೊದಲ ದಿನ ನೋಡಿ ನಾಲ್ಕು ಸಾಲು ಬರೆದು ಅವರು ಸುಮ್ಮನಾಗಲಿಲ್ಲ. ಮತ್ತೆ ಹೋದರು, ಮತ್ತೆ ನೋಡಿದರು, ಮತ್ತೆ ಬರೆದರು. ಈ ನಾಟಕ ತಪ್ಪಿಸಿಕೊಳ್ಳಬೇಡಿ ಎಂದು ಊರಿಗೇ ಕೂಗಿ ಹೇಳಿದ ಹಾಗಿತ್ತು. ಜನವರಿ ಅರ್ಧ ಕಳೆಯುವಷ್ಟರಲ್ಲಿ ಟಿಕೆಟ್ ಸಿಗುವುದೇ ಕಷ್ಟವಾಯಿತು. ಮಾರ್ಚ್ 31ಕ್ಕೆ ನಾಟಕ ನ್ಯೂಯಾರ್ಕ್ ತಲುಪಿತು. ಅಲ್ಲೂ ಗೆದ್ದಿತು, ವಿಲಿಯಮ್ಸ್ ಹೆಸರಾದರು.

ಕ್ಯಾಸಿಡಿ ಸುಲಭಕ್ಕೆ ಹೊಗಳುವವರಾಗಿರಲಿಲ್ಲ. ಅವರ ಬರಹದ ಖಾರ ತಾಳಲಾರದೆ ರಂಗದವರು ಅವರಿಗೆ 'ಆಸಿಡಿ ಕ್ಯಾಸಿಡಿ' ಎಂದು ಅಡ್ಡಹೆಸರು ಇಟ್ಟಿದ್ದರು. ಅಂಥವರು ಹೊಗಳಿದ್ದಕ್ಕೇ ಜನ ನಂಬಿದರು.

ಈ ಕಥೆಯನ್ನು ಟೆನೆಸಿ ವಿಲಿಯಮ್ಸ್ ಅವರ ಗೆಲುವಿನ ಕಥೆಯಾಗಿಯೇ ಜಾಸ್ತಿ ಹೇಳುತ್ತಾರೆ. ನನಗೆ ಅದರಲ್ಲಿ ಬೇರೆಯದೇ ಒಂದು ಕಾಣುತ್ತದೆ. ನಾಟಕದ ರಾಜಧಾನಿಯಲ್ಲದ ಊರಿನ ರಂಗಕ್ಕೆ ಬೆಲೆ ಬರುವುದು ಹೇಗೆ? ಆ ಊರಲ್ಲೇ ಬದುಕುವ, ವರ್ಷವಿಡೀ ನಾಟಕ ನೋಡುವ, ನೋಡಿದ್ದನ್ನು ಬರೆಯುವುದೇ ಕೆಲಸವಾಗಿರುವ ಒಬ್ಬರು ಬೇಕು. ಅಮೆರಿಕದಲ್ಲಿ ನ್ಯೂಯಾರ್ಕಿನ ಆಚೆಗಿನ ರಂಗಭೂಮಿಗೆ ಮನ್ನಣೆ ಸಿಕ್ಕಿದ ಇತಿಹಾಸ ಪೂರ್ತಿ ಇಂಥವರ ಬೆನ್ನ ಮೇಲೆ ನಿಂತಿದೆ.

ಅಮೆರಿಕದ ನಾಟಕ ಅಂದರೆ ಬ್ರಾಡ್‌ವೇ ಎಂಬ ಕಾಲವದು. ಬ್ರಾಡ್‌ವೇ ಅಂದರೆ ಮ್ಯಾನ್‌ಹಟನ್ನಿನ, 500 ಅಥವಾ ಅದಕ್ಕಿಂತ ಹೆಚ್ಚು ಸೀಟಿನ ರಂಗಮಂದಿರಗಳು. ಈಗ ಅಂಥವು 41 ಇವೆ. ಬಾಸ್ಟನ್, ಫಿಲಡೆಲ್ಫಿಯಾ, ನ್ಯೂ ಹೇವನ್ ಥರದ ಊರುಗಳಿಗೆ ಇದ್ದ ಕೆಲಸ ಬೇರೆ. ನಾಟಕ ನ್ಯೂಯಾರ್ಕಿಗೆ ಹೋಗುವ ಮೊದಲು ಅಲ್ಲಿ ಆಡಿ ನೋಡುತ್ತಿದ್ದರು. ತಪ್ಪು ತಿದ್ದಿಕೊಂಡು ಮುಂದೆ ಹೋಗುತ್ತಿದ್ದರು. ಬಾಸ್ಟನ್ನಿನ ವಿಮರ್ಶಕ ಎಲಿಯಟ್ ನಾರ್ಟನ್ ಇದರಲ್ಲಿ ಪಳಗಿದವರು. 1965ರಲ್ಲಿ ನೀಲ್ ಸೈಮನ್ ಅವರ 'ದಿ ಆಡ್ ಕಪಲ್' ಅಲ್ಲಿಗೆ ಬಂದಾಗ, ನಾಟಕದಲ್ಲಿ ಬರುವ ಇಬ್ಬರು ಪಿಜನ್ ಸಹೋದರಿಯರು ಮೂರನೇ ಅಂಕದಲ್ಲೂ ಬರಬೇಕಿತ್ತಲ್ಲ ಎಂದರಂತೆ ನಾರ್ಟನ್. ಸೈಮನ್ ಬರೆದು ಸೇರಿಸಿದರು. ನಾಟಕ ಗೆದ್ದಿತು. 1971ರಲ್ಲಿ ನಾರ್ಟನ್ ಅವರಿಗೆ ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಯೂ ವಿಶೇಷವಾಗಿ ಬಂತು. ಆದರೆ ಈ ಎಲ್ಲದರಲ್ಲಿ ಬಾಸ್ಟನ್ ಬ್ರಾಡ್‌ವೇಯ ಹಿತ್ತಲಾಗಿಯೇ ಇತ್ತು.

ಇದನ್ನು ಬದಲಿಸಲು ಹೊರಟವರಲ್ಲಿ ಮೊದಲಿಗರು ಮಾರ್ಗೊ ಜೋನ್ಸ್. ಶಿಕಾಗೊದ ಆ 'ಗ್ಲಾಸ್ ಮೆನಾಜರಿ'ಯ ಇಬ್ಬರು ನಿರ್ದೇಶಕರಲ್ಲಿ ಇವರೂ ಒಬ್ಬರು. 1947ರಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ತಮ್ಮದೇ ರಂಗಮಂದಿರ ತೆರೆದರು. ಹೆಸರು 'ಥಿಯೇಟರ್ 47'. ಮುಂದಿನ ವರ್ಷ ಅದೇ 'ಥಿಯೇಟರ್ 48'. ವರ್ಷ ಬದಲಾದ ಹಾಗೆ ಹೆಸರೂ ಬದಲು. ನಡುವೆ ರಂಗ, ಸುತ್ತ ಜನ. ಹೊಸ ನಾಟಕಗಳೆಂದರೆ ಅವರಿಗೆ ಪ್ರಾಣ. ಅವರ ಬೆನ್ನಿಗೆ ನಿಂತವರು 'ಡಲ್ಲಾಸ್ ಮಾರ್ನಿಂಗ್ ನ್ಯೂಸ್'ನ ವಿಮರ್ಶಕ ಜಾನ್ ರೋಸನ್‌ಫೀಲ್ಡ್. 1955ರ ಜನವರಿಯಲ್ಲಿ ಮಾರ್ಗೊ 'ಇನ್‌ಹೆರಿಟ್ ದಿ ವಿಂಡ್' ಆಡಿಸಿದರು. ಶಾಲೆಯಲ್ಲಿ ವಿಕಾಸವಾದ ಕಲಿಸಿದ ಮೇಷ್ಟ್ರ ಮೇಲೆ ನಡೆದ ಮೊಕದ್ದಮೆಯ ನಾಟಕ. ನ್ಯೂಯಾರ್ಕಿನ ನಿರ್ಮಾಪಕರು ಅದನ್ನು ಬೇಡ ಎಂದಿದ್ದರು. ಡಲ್ಲಾಸ್‌ನಲ್ಲಿ ಗೆದ್ದ ಮೇಲೆ, ಏಪ್ರಿಲ್‌ಗೆಲ್ಲ ಅದೇ ನಾಟಕ ಬ್ರಾಡ್‌ವೇಯಲ್ಲಿತ್ತು. ಅಲ್ಲಿ 806 ಪ್ರದರ್ಶನ ಕಂಡಿತು. ಮಾರ್ಗೊ ಆ ಗೆಲುವನ್ನು ಪೂರ್ತಿ ಕಾಣಲಿಲ್ಲ. ಅದೇ ಜುಲೈಯಲ್ಲಿ, ಜಮಖಾನೆ ತೊಳೆಯಲು ಬಳಸಿದ್ದ ರಾಸಾಯನಿಕದ ಹೊಗೆಗೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ 43 ವರ್ಷ.

ಅದೇ 1947ರಲ್ಲಿ ಹ್ಯೂಸ್ಟನ್ನಿನಲ್ಲಿ ನೀನಾ ವ್ಯಾನ್ಸ್ 214 ಪೋಸ್ಟ್‌ಕಾರ್ಡ್ ಬರೆದರು. ಊರಿಗೊಂದು ಹೊಸ ರಂಗತಂಡ ಬೇಕಾ ಎಂದು ಕೇಳಿದರು. ಕಾರ್ಡಿಗೆ ಒಂದು ಸೆಂಟ್. ಜನ ಬಂದರು, ಅಲಿ ಥಿಯೇಟರ್ ಹುಟ್ಟಿತು. ಮೊದಲು ಆಡಿದ್ದು ಒಂದು ಡಾನ್ಸ್ ಸ್ಟುಡಿಯೊದಲ್ಲಿ. ಅಲ್ಲಿಗೆ ಹೋಗಲು ಒಂದು ಸಂದಿಯಲ್ಲಿ ನಡೆಯಬೇಕಿತ್ತು. ಇಂಗ್ಲಿಷಿನಲ್ಲಿ ಸಂದಿಗೆ 'ಅಲಿ' ಎನ್ನುತ್ತಾರೆ, ಹೆಸರು ಬಂದಿದ್ದು ಅದರಿಂದಲೇ. 1950ರಲ್ಲಿ ವಾಷಿಂಗ್ಟನ್ನಿನಲ್ಲಿ ಜೆಲ್ಡಾ ಫಿಚಾಂಡ್ಲರ್ ಮತ್ತು ಗೆಳೆಯರು ಹಳೇ ಸಿನಿಮಾ ಮಂದಿರವೊಂದರಲ್ಲಿ ಅರೀನಾ ಸ್ಟೇಜ್ ಶುರು ಮಾಡಿದರು. 247 ಸೀಟು. ಮುಂದೆ ಫೋರ್ಡ್ ಫೌಂಡೇಷನ್ ದುಡ್ಡು ಹಾಕಿತು. 1965ರಲ್ಲಿ ಕಲೆಗಳಿಗಾಗಿ ಸರ್ಕಾರದ ರಾಷ್ಟ್ರೀಯ ದತ್ತಿ ಸಂಸ್ಥೆಯೂ ಬಂತು. ಊರೂರಲ್ಲಿ ಕಾಯಂ ತಂಡಗಳು ಎದ್ದವು.

ಇಲ್ಲಿ ಗತ್ರಿ ಥಿಯೇಟರಿನ ಹುಟ್ಟನ್ನು ಹೇಳಲೇಬೇಕು. ಬ್ರಿಟಿಷ್ ನಿರ್ದೇಶಕ ಟೈರೋನ್ ಗತ್ರಿಗೆ ಬ್ರಾಡ್‌ವೇ ಸಾಕಾಗಿತ್ತು. 1959ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನ ನಾಟಕದ ಪುಟದಲ್ಲಿ ಒಂದು ಚಿಕ್ಕ ಪ್ಯಾರಾ ಬಂತು. ಇವರು ಬಂದು ರಂಗತಂಡ ಕಟ್ಟಿದರೆ ಯಾವ ಊರಿಗೆ ಇಷ್ಟ ಎಂಬ ಪ್ರಶ್ನೆ. ಏಳು ಊರುಗಳು ನಮಗೆ ಬೇಕು ಎಂದವು. ಕೊನೆಗೆ ಮಿನಿಯಾಪೊಲಿಸ್ ಗೆದ್ದಿತು. 1963ರ ಮೇ 7ರಂದು 'ಹ್ಯಾಮ್ಲೆಟ್'ನಿಂದ ಬಾಗಿಲು ತೆರೆಯಿತು. ಪತ್ರಿಕೆಯ ನಾಟಕದ ಪುಟಕ್ಕೆ ಆಗ ಅಷ್ಟು ಬಲ ಇತ್ತು.

ಕನ್ನಡಿಗರಿಗೆ ಈ ಗತ್ರಿ ಹೊರಗಿನದಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು 1993ರಲ್ಲಿ ಇದೇ ತಂಡ ತನ್ನ 30ನೇ ವರ್ಷದ ಸಂಭ್ರಮದಲ್ಲಿ ಇಂಗ್ಲಿಷಿನಲ್ಲಿ ಆಡಿತು. ಅದಾದ ಮೇಲೆ ಕಾರ್ನಾಡರಿಂದ ಇನ್ನೊಂದು ನಾಟಕ ಬರೆಸಿತು. ಅದೇ 'ಅಗ್ನಿ ಮತ್ತು ಮಳೆ'. 'ನಾಗಮಂಡಲ'ದ ರಾಣಿ, ಅಪ್ಪಣ್ಣ, ನಾಗ ಅಮೆರಿಕದ ದೊಡ್ಡ ರಂಗ ಹತ್ತಿದ್ದು ಬ್ರಾಡ್‌ವೇಯಿಂದ ಸಾವಿರ ಮೈಲಿ ದೂರದ ಊರಿನಲ್ಲಿ. ನಮ್ಮ ಜಾನಪದ ಕಥೆಗೆ ಅಲ್ಲೊಂದು ಜಾಗ ಸಿಕ್ಕಿದ್ದು ಇಂಥ ಊರಿನ ತಂಡದಿಂದ ಅನ್ನುವುದು ನನಗೆ ಇವತ್ತಿಗೂ ಖುಷಿಯ ಸಂಗತಿ.

ಮನ್ನಣೆಯ ಪ್ರಶ್ನೆ ಮುಖಕ್ಕೆ ಹೊಡೆದ ಹಾಗೆ ಎದ್ದಿದ್ದು 1967ರಲ್ಲಿ. ಆ ವರ್ಷ ಅರೀನಾ ಸ್ಟೇಜ್ 'ದಿ ಗ್ರೇಟ್ ವೈಟ್ ಹೋಪ್' ಆಡಿತು. ಕಪ್ಪು ಬಾಕ್ಸಿಂಗ್ ಚಾಂಪಿಯನ್ ಒಬ್ಬನ ಕಥೆ. ದೊಡ್ಡ ತಂಡ, ದೊಡ್ಡ ಖರ್ಚು. ಮುಖ್ಯ ಪಾತ್ರದಲ್ಲಿ ಜೇಮ್ಸ್ ಅರ್ಲ್ ಜೋನ್ಸ್, ಜೊತೆಗೆ ಜೇನ್ ಅಲೆಕ್ಸಾಂಡರ್. ಮುಂದಿನ ವರ್ಷ ನಾಟಕ ಬ್ರಾಡ್‌ವೇಗೆ ಹೋಯಿತು. 1969ರಲ್ಲಿ ಅಮೆರಿಕದ ದೊಡ್ಡ ಸಾಹಿತ್ಯ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು. ಅತ್ಯುತ್ತಮ ನಾಟಕದ ಟೋನಿ ಬಂತು. ಆ ಇಬ್ಬರು ಕಲಾವಿದರಿಗೂ ಟೋನಿ ಬಂತು. ಅರೀನಾ ಸ್ಟೇಜ್‌ಗೆ ಆ ಲಾಭದಲ್ಲಿ ಒಂದು ಪೈಸೆ ಪಾಲೂ ಬರಲಿಲ್ಲ. ಬೆಳೆ ಬೆಳೆದವರು ಒಬ್ಬರು, ಕಣ ಮಾಡಿಕೊಂಡವರು ಇನ್ನೊಬ್ಬರು.

ಟೋನಿ ಪ್ರಶಸ್ತಿ 1947ರಿಂದ ಇದೆ. ಆದರೆ ಅದು ಬ್ರಾಡ್‌ವೇಯಲ್ಲಿ ಆಡಿದ ನಾಟಕಗಳಿಗೆ ಮಾತ್ರ. ಹೊರಗಿನ ತಂಡಗಳಿಗೂ ಕೊಡೋಣ ಎಂದರೂ ಒಂದು ತೊಡಕು. ಯಾರು ನೋಡಬೇಕು? ಬ್ರಾಡ್‌ವೇ ನಾಟಕಗಳನ್ನು ಟೋನಿ ಮತದಾರರು ನಡೆದುಕೊಂಡೇ ಹೋಗಿ ನೋಡಬಹುದು. ಸಿಯಾಟಲ್, ಲೂಯಿವಿಲ್, ಹ್ಯೂಸ್ಟನ್ ಎಲ್ಲಾ ಸುತ್ತಿ ನೋಡುವವರು ಯಾರು? ನೋಡದೆ ಮತ ಹಾಕುವುದು ನ್ಯಾಯವಲ್ಲ, ಅಲ್ವಾ?

ಉತ್ತರ ಬಂದದ್ದು ವಿಮರ್ಶಕರಿಂದ. 1974ರಲ್ಲಿ, ಕನೆಟಿಕಟ್ ರಾಜ್ಯದ ಯೂಜೀನ್ ಓನೀಲ್ ಥಿಯೇಟರ್ ಸೆಂಟರಿನಲ್ಲಿ, ಅಮೆರಿಕನ್ ಥಿಯೇಟರ್ ಕ್ರಿಟಿಕ್ಸ್ ಅಸೋಸಿಯೇಷನ್ ಶುರುವಾಯಿತು. ಇದನ್ನು ಕಟ್ಟಿದವರಲ್ಲಿ 'ಸ್ಯಾಟರ್ಡೇ ರಿವ್ಯೂ' ಪತ್ರಿಕೆಯ ಹೆನ್ರಿ ಹ್ಯೂಸ್ ಮುಖ್ಯರು. ನ್ಯೂಯಾರ್ಕಿನ ವಿಮರ್ಶಕರಿಗೆ ತಮ್ಮದೇ ಕೂಟ ಮೊದಲೇ ಇತ್ತು. ಇದು ದೇಶದ ಎಲ್ಲಾ ಊರಿನವರದು. ತನ್ನ ಊರಿನ ತಂಡ ಹತ್ತು ವರ್ಷದಲ್ಲಿ ಏನು ಮಾಡಿತು, ಎಲ್ಲಿ ಎಡವಿತು, ಹೇಗೆ ಎದ್ದಿತು ಎಂದು ಸದಸ್ಯರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ. ಸಮ್ಮೇಳನವೂ ಒಂದೊಂದು ಸಲ ಒಂದೊಂದು ಊರಲ್ಲಿ. ಹೋದವರು ಆ ಊರಿನ ನಾಟಕ ನೋಡಿಯೇ ಬರುತ್ತಾರೆ.

ಈ ಸಂಘದ ಶಿಫಾರಸಿನ ಮೇಲೆ ವರ್ಷಕ್ಕೊಂದು ಪ್ರಾದೇಶಿಕ ರಂಗತಂಡಕ್ಕೆ ಟೋನಿ ಕೊಡುವುದು 1976ರಲ್ಲಿ ಶುರುವಾಯಿತು. ಮೊದಲನೆಯದು ಅರೀನಾ ಸ್ಟೇಜ್‌ಗೇ ಹೋಯಿತು. 1982ರಲ್ಲಿ ಗತ್ರಿಗೆ, 1996ರಲ್ಲಿ ಅಲಿಗೆ. ಈ ಗೌರವ ಒಂದು ನಾಟಕಕ್ಕೆ ಸಿಗುವುದಲ್ಲ. ತಂಡ ವರ್ಷಾನುವರ್ಷ ಮಾಡಿದ ಕೆಲಸಕ್ಕೆ ಸಿಗುವುದು. ಇದೇ ನನಗೆ ಹಿಡಿಸುವ ಮಾತು. ಒಂದು ನಾಟಕ ಚೆನ್ನಾಗಿದೆಯೋ ಇಲ್ಲವೋ ಎಂದು ವಿಮಾನದಲ್ಲಿ ಬಂದಿಳಿದವರೂ ಹೇಳಬಹುದು. ತಂಡ ಬೆಳೆದ ಬಗೆಯನ್ನು ಹೇಳಲು ಊರಲ್ಲಿ ಇದ್ದೇ ನೋಡಿರಬೇಕು.

ಶಿಕಾಗೊದ ಸ್ಟೆಪ್ಪನ್‌ವುಲ್ಫ್ ತಂಡವನ್ನೇ ನೋಡಿ. 1970ರ ದಶಕದಲ್ಲಿ ಅದು ಆಡುತ್ತಿದ್ದದ್ದು ಊರಾಚೆಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ. 88 ಸೀಟು. ಮುಂದೆ ಹೆಸರಾಂತ ಕಲಾವಿದರಾದ ಜಾನ್ ಮಾಲ್ಕೊವಿಚ್, ಗ್ಯಾರಿ ಸಿನೀಸ್, ಲಾರಿ ಮೆಟ್‌ಕಾಫ್ ಎಲ್ಲರೂ ಆಗ ಇಪ್ಪತ್ತರ ಆಸುಪಾಸಿನ ಹುಡುಗರು. ಇಂಥ ನೆಲಮಾಳಿಗೆಗಳಿಗೆ, ಅಂಗಡಿ ಮಳಿಗೆಯ ಪುಟ್ಟ ರಂಗಗಳಿಗೆ ಹುಡುಕಿಕೊಂಡು ಹೋಗಿ ಬರೆದವರು ರಿಚರ್ಡ್ ಕ್ರಿಸ್ಚಿಯನ್‌ಸನ್. ಮೊದಲು 'ಡೈಲಿ ನ್ಯೂಸ್' ಪತ್ರಿಕೆಯಲ್ಲಿ, ಆಮೇಲೆ 'ಟ್ರಿಬ್ಯೂನ್'ನಲ್ಲಿ. 2002ರಲ್ಲಿ ನಿವೃತ್ತರಾಗುವ ತನಕ ಆ ಊರಿನ ಸಣ್ಣ ತಂಡಗಳ ಬಗ್ಗೆ ಬರೆಯುತ್ತಲೇ ಇದ್ದರು. 1985ರಲ್ಲಿ ಸ್ಟೆಪ್ಪನ್‌ವುಲ್ಫ್‌ಗೆ ಟೋನಿ ಬಂತು.

ಈ ತಂಡಗಳವರಲ್ಲೇ ಹಲವರಿಗೆ 'ಪ್ರಾದೇಶಿಕ' ಎಂಬ ಪದ ಹಿಡಿಸಲಿಲ್ಲ. ನ್ಯೂಯಾರ್ಕ್ ನಡುಮನೆ, ಉಳಿದದ್ದೆಲ್ಲ ಜಗಲಿ ಎಂಬ ಅರ್ಥ ಅದರಲ್ಲಿ ಅಡಗಿದೆ. 'ರೆಸಿಡೆಂಟ್', ಅಂದರೆ ಊರಲ್ಲೇ ನೆಲೆಸಿದ ತಂಡ ಎಂಬ ಮಾತು ಅವರಿಗೆ ಇಷ್ಟ. 1966ರಲ್ಲಿ ಈ ತಂಡಗಳು ಕೂಟ ಕಟ್ಟಿಕೊಂಡಾಗ ಅದೇ ಪದ ಇಟ್ಟುಕೊಂಡವು. ಕನ್ನಡವನ್ನು 'ಪ್ರಾದೇಶಿಕ ಭಾಷೆ' ಎಂದಾಗ ನಮಗೆ ಚುಚ್ಚುತ್ತದಲ್ಲ, ಇದೂ ಹಾಗೇ.

ವಿಮರ್ಶಕರ ಸಂಘ ಇನ್ನೊಂದು ಕೆಲಸವನ್ನೂ ಮಾಡಿತು. ನ್ಯೂಯಾರ್ಕಿನ ಹೊರಗೆ ಮೊದಲ ಸಲ ಆಡಿದ ಹೊಸ ನಾಟಕಗಳನ್ನು 1977ರಿಂದ ಗುರುತಿಸುತ್ತಾ ಬಂತು. ಮುಂದೆ ಅದಕ್ಕೆ ಸ್ಟೈನ್‌ಬರ್ಗ್ ದತ್ತಿಯ ಹಣವೂ ಸೇರಿ ದೊಡ್ಡ ಬಹುಮಾನವಾಯಿತು. ಇದರ ಬಲ ಕಂಡದ್ದು 2003ರಲ್ಲಿ. ನೀಲೊ ಕ್ರೂಜ್ ಬರೆದ 'ಆನಾ ಇನ್ ದಿ ಟ್ರಾಪಿಕ್ಸ್' ನಾಟಕವನ್ನು ಫ್ಲಾರಿಡಾದ ಕೋರಲ್ ಗೇಬಲ್ಸ್‌ನ ನ್ಯೂ ಥಿಯೇಟರ್ ಆಡಿತ್ತು. ಅಲ್ಲಿದ್ದದ್ದು 104 ಸೀಟು. ಸಿಗಾರ್ ಕಾರ್ಖಾನೆಯ ಕ್ಯೂಬನ್ ಕೆಲಸಗಾರರ ಕಥೆ. ಅವರು ಸಿಗಾರ್ ಸುತ್ತುತ್ತಾ ಕೂತಿರುವಾಗ ಒಬ್ಬ ಬಂದು ಟಾಲ್‌ಸ್ಟಾಯ್ ಕಾದಂಬರಿ ಓದಿ ಹೇಳುತ್ತಾನೆ. ವಿಮರ್ಶಕರ ಬಹುಮಾನ ಇದಕ್ಕೆ ಬಂತು. ಅದೇ ಏಪ್ರಿಲ್‌ನಲ್ಲಿ ಪುಲಿಟ್ಜರ್ ಕೂಡ ಬಂತು. ಎಡ್ವರ್ಡ್ ಆಲ್ಬಿ ಥರದ ಹಿರಿಯರ ನಾಟಕ ಆ ವರ್ಷ ಸ್ಪರ್ಧೆಯಲ್ಲಿತ್ತು. ಪುಲಿಟ್ಜರ್ ತೀರ್ಪುಗಾರರು ಆನಾಳನ್ನು ರಂಗದ ಮೇಲೆ ನೋಡಿರಲೇ ಇಲ್ಲ. ಬರೀ ಓದಿದ್ದರು. ಮಯಾಮಿ ಪಕ್ಕದ ಪುಟ್ಟ ಊರಿನ ನಾಟಕವೊಂದು ಅಷ್ಟು ದೂರ ಹೋಯಿತು. ಲ್ಯಾಟಿನೊ ನಾಟಕಕಾರರೊಬ್ಬರಿಗೆ ಪುಲಿಟ್ಜರ್ ಸಿಕ್ಕಿದ್ದು ಅದೇ ಮೊದಲು.

ಇನ್ನು ನೋವಿನ ಕಡೆ. ಮನ್ನಣೆ ಬಂದರೆ ಹೊಟ್ಟೆ ತುಂಬುವುದಿಲ್ಲ. ನ್ಯೂಜೆರ್ಸಿಯ ಕ್ರಾಸ್‌ರೋಡ್ಸ್ ತಂಡಕ್ಕೆ 1999ರಲ್ಲಿ ಟೋನಿ ಬಂತು. ಆಫ್ರಿಕನ್ ಅಮೆರಿಕನ್ನರ ತಂಡವೊಂದಕ್ಕೆ ಈ ಗೌರವ ಸಿಕ್ಕಿದ್ದು ಅದೇ ಮೊದಲು. ಮರುವರ್ಷವೇ ಸಾಲದ ಹೊರೆಯಲ್ಲಿ ನಾಟಕ ನಿಲ್ಲಿಸಬೇಕಾಯಿತು. ಮಿನಿಯಾಪೊಲಿಸ್‌ನ 'ಥಿಯೇಟರ್ ದ ಲ ಜನ್ ಲ್ಯೂನ್' 2005ರಲ್ಲಿ ಟೋನಿ ಪಡೆಯಿತು. 2008ರಲ್ಲಿ ಮುಚ್ಚಿತು. ಸಿಯಾಟಲ್‌ನ ಇಂಟಿಮನ್‌ಗೆ 2006ರಲ್ಲಿ ಬಂತು. 2011ರ ಏಪ್ರಿಲ್‌ನಲ್ಲಿ ಆ ವರ್ಷದ ಉಳಿದ ನಾಟಕಗಳೆಲ್ಲ ರದ್ದು. ಕ್ರಾಸ್‌ರೋಡ್ಸ್ ಮತ್ತು ಇಂಟಿಮನ್ ಆಮೇಲೆ ಮತ್ತೆ ಎದ್ದವು. ಜನ್ ಲ್ಯೂನ್ ಏಳಲಿಲ್ಲ. ಪ್ರಶಸ್ತಿಯ ಜೊತೆ ಈಚೆಗೆ 25,000 ಡಾಲರ್ ಕೊಡುತ್ತಾರೆ. ದೊಡ್ಡ ತಂಡವೊಂದರ ವರ್ಷದ ಖರ್ಚಿನ ಮುಂದೆ ಅದು ಏನೂ ಅಲ್ಲ.

2013ರಲ್ಲಿ ನಿಯಮ ಬದಲಾಯಿತು. ಬ್ರಾಡ್‌ವೇ ಅಲ್ಲದ ನ್ಯೂಯಾರ್ಕ್ ತಂಡಗಳಿಗೂ ಈ ಪ್ರಶಸ್ತಿ ಸಿಗಬಹುದು ಎಂದಾಯಿತು. 2014ರಲ್ಲಿ ನ್ಯೂಯಾರ್ಕಿನ ಸಿಗ್ನೇಚರ್ ಥಿಯೇಟರ್, 2018ರಲ್ಲಿ ಲಾ ಮಾಮಾ ಪಡೆದವು. ಲಾ ಮಾಮಾದ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ವರ್ಷಕ್ಕೆ ಇರುವುದು ಒಂದೇ ಜಾಗ. ಅದನ್ನೂ ನ್ಯೂಯಾರ್ಕಿನ ಜೊತೆ ಹಂಚಿಕೊಳ್ಳಬೇಕೆಂದರೆ ನನಗೆ ಕಷ್ಟವಾಗುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಈ ಏರ್ಪಾಡು ನಿಂತಿದ್ದು ಊರೂರಿನ ಪತ್ರಿಕೆಯಲ್ಲಿ ಸಂಬಳ ಪಡೆಯುವ ವಿಮರ್ಶಕರ ಮೇಲೆ. 2000ದ ನಂತರ ಜಾಹೀರಾತು ಇಂಟರ್ನೆಟ್‌ಗೆ ಹೋಯಿತು. ಪತ್ರಿಕೆಗಳು ಬಡವಾದವು. ಕತ್ತರಿ ಮೊದಲು ಬಿದ್ದ ಜಾಗಗಳಲ್ಲಿ ಕಲೆಯ ಪುಟವೂ ಒಂದು. ಒಬ್ಬ ವಿಮರ್ಶಕ ಹೋದರೆ ಅವನ ಜಾಗಕ್ಕೆ ಇನ್ನೊಬ್ಬರು ಬರುತ್ತಿಲ್ಲ. ಈಗ ಸಂಘದ ಎಷ್ಟೋ ಸದಸ್ಯರು ಬಿಡಿ ಬರಹಗಾರರು. ಬೇರೆ ಕೆಲಸ ಮಾಡಿಕೊಂಡು, ರಾತ್ರಿ ನಾಟಕ ನೋಡಿ, ತಮ್ಮದೇ ವೆಬ್‌ಸೈಟಿನಲ್ಲಿ ಬರೆಯುತ್ತಾರೆ. ಸಂಘ ತನ್ನ ಹೆಸರಿಗೆ 'ಜರ್ನಲಿಸ್ಟ್ಸ್' ಎಂಬ ಪದವನ್ನೂ ಸೇರಿಸಿಕೊಂಡಿದೆ. ಇವರ ಬರಹದಲ್ಲಿ ಪ್ರೀತಿ ಕಡಿಮೆ ಇಲ್ಲ. ಆದರೆ ಊರಿಡೀ ಬೆಳಿಗ್ಗೆ ಒಂದೇ ಪುಟ ಓದುತ್ತಿದ್ದ ಕಾಲದಲ್ಲಿ ಕ್ಯಾಸಿಡಿ ಬರೆದದ್ದಕ್ಕೆ ಇದ್ದ ಬಲ ಅವರಿಗೆ ಎಲ್ಲಿಂದ ಬರಬೇಕು?

ಇಷ್ಟಾದರೂ ಅವರು ನೋಡುವುದನ್ನು ಬಿಟ್ಟಿಲ್ಲ. 2025ರಲ್ಲಿ ಟೋನಿ ಬಂದದ್ದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನ 'ದಿ ಮ್ಯೂನಿ'ಗೆ. ಪಾರ್ಕಿನ ನಡುವೆ, ಬಯಲಲ್ಲಿರುವ ರಂಗ. ನೂರು ವರ್ಷ ದಾಟಿದೆ. ಸುಮಾರು 11,000 ಸೀಟು. ಬೇಸಿಗೆಯ ಸಂಜೆಗಳಲ್ಲಿ ಹಾಡಿನ ನಾಟಕ. ಹಿಂದಿನ ಸಾಲುಗಳಲ್ಲಿ ಸುಮಾರು 1,500 ಸೀಟು ಪ್ರತಿ ಪ್ರದರ್ಶನಕ್ಕೂ ಉಚಿತ. ಮೊದಲು ಬಂದವರಿಗೆ ಮೊದಲು. ಜನ ಬೇಗ ಬಂದು ಸಾಲಲ್ಲಿ ನಿಲ್ಲುತ್ತಾರೆ.