ಕಪ್ಪು ಕಾರಿನ ಮೇಲಿನ ಜೇಡರ ಬಲೆ

ಆಯುಧ ಪೂಜೆ ಮುಗಿದ ವಾರ ಶಿವಮೊಗ್ಗದಲ್ಲಿ ಕಾರು ಪಾಲಿಶ್ ಮಾಡುವ ನನ್ನ ಶೆಡ್ಡಿಗೆ ಕಪ್ಪು ಕಾರುಗಳು ಜಾಸ್ತಿ ಬರುತ್ತವೆ. ಬಾನೆಟ್ ಮೇಲೆ ಎಳೆದ ವಿಭೂತಿ ರಾತ್ರಿಯಿಡೀ ಒಣಗಿರುತ್ತದೆ. ಬೆಳಿಗ್ಗೆ ಅದನ್ನು ಯಾರೋ ಹಳೇ ಬನಿಯನ್ನಿನಲ್ಲಿ ಹಾಗೇ ಉಜ್ಜಿರುತ್ತಾರೆ.

ಈ ಸಲ ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. "ದಿನಾ ಬೆಳಿಗ್ಗೆ ಒರೆಸ್ತೀನಿ ಮಾರಾಯ್ರೆ, ಆದ್ರೂ ಬಿಸಿಲಿಗೆ ನಿಲ್ಲಿಸಿದ್ರೆ ಜೇಡರ ಬಲೆ ಕಾಣ್ತದೆ" ಅಂದರು. ದಿನಾ ಒರೆಸಿದ್ದಕ್ಕೇ ಹೀಗಾಗಿದ್ದು ಅಂದರೆ ನಂಬಲಿಲ್ಲ.

ಮೊಬೈಲ್ ಟಾರ್ಚ್ ಹಚ್ಚಿ ಬಾನೆಟ್ ಹತ್ತಿರ ಹಿಡಿದೆ. ಬೆಳಕಿನ ಸುತ್ತ ಬಲೆ ಎದ್ದಿತು. ಕೈ ಸರಿಸಿದೆ, ಬಲೆಯೂ ಜೊತೆಗೇ ಸರಿಯಿತು! ಅಲ್ಲಿ ನಿಜಕ್ಕೂ ಸುತ್ತು ಗೆರೆಗಳೇ ಇಲ್ಲ. ಎಲ್ಲಾ ದಿಕ್ಕಿಗೂ ಎಳೆದ ಸಾವಿರಾರು ಸಣ್ಣ ಗೀರುಗಳಿವೆ. ಅವುಗಳಲ್ಲಿ ಬೆಳಕಿಗೆ ಅಡ್ಡ ಬಿದ್ದವಷ್ಟೇ ಹೊಳೆಯುತ್ತವೆ. ಬಿಳಿ ಕಾರಿನಲ್ಲೂ ಇಷ್ಟೇ ಗೀರು ಇರುತ್ತದೆ, ಕಾಣುವುದಿಲ್ಲ ಅಷ್ಟೇ. ನಮ್ಮ ಕಡೆಯ ಕೆಂಪು ಧೂಳು ಕೈಗೆ ಪೌಡರಿನಂತೆ ನುಣ್ಣಗೆ ಅನ್ನಿಸಿದರೂ ಅದರಲ್ಲಿ ಮರಳಿನ ಕಣ ಇದ್ದೇ ಇರುತ್ತದೆ. ಒಣಬಟ್ಟೆಯಲ್ಲಿ ಒರೆಸಿದಾಗ ಗೀರುವುದು ಅದೇ.

ಈ ಗೀರುಗಳು ಇರುವುದು ಬಣ್ಣದ ಮೇಲಿನ ಕ್ಲಿಯರ್ ಕೋಟಿನಲ್ಲಿ, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರದಲ್ಲಿ. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪಾಲಿಶ್ ಅಂದರೆ ಗೀರಿನ ತಳ ಸಿಗುವವರೆಗೆ ಆ ಪದರವನ್ನೇ ತೆಳ್ಳಗೆ ಸವೆಸುವುದು. ಒಂದು ಸಲಕ್ಕೆ 1ರಿಂದ 3 ಮೈಕ್ರಾನ್ ಹೋಗಬಹುದು. ಹೋದದ್ದು ವಾಪಸ್ ಬರುವುದಿಲ್ಲ. ವರ್ಷಾವರ್ಷ 'ರಬ್ಬಿಂಗ್' ಅಂತ ಹೀಗೆ ಸವೆಸಿ ಹೊಳಪು ಮಾಡಿಸುವವರನ್ನು ಕಂಡರೆ ನನಗೆ ಸಂಕಟ.

ಮನೆಯಲ್ಲೇ ಮಾಡುವುದಾದರೆ ನೆರಳಿನ ಪೋರ್ಟಿಕೋ ಬೇಕು. ಬಿಸಿಲಿಗೆ ಕಾದ ತಗಡಿನ ಮೇಲೆ ಪಾಲಿಶ್ ಹಚ್ಚುವಷ್ಟರಲ್ಲೇ ಒಣಗುತ್ತದೆ. ಮೊದಲು ಪೈಪಿನ ನೀರು, ಆಮೇಲೆ ಶಾಂಪೂ. ಬಕೆಟ್ ಎರಡಿರಲಿ, ಒಂದು ಶಾಂಪೂಗೆ, ಇನ್ನೊಂದು ಬಟ್ಟೆ ಜಾಲಿಸಲಿಕ್ಕೆ. ತೊಳೆದ ಮೇಲೆ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿ ಬಾನೆಟ್ ಸವರಿ ನೋಡಿ. ಬರಿಗೈಗೆ ಸಿಗದ ತರಿ ಆಗ ಸಿಗುತ್ತದೆ. ಆ ತರಿಯನ್ನು ಕ್ಲೇ ಬಾರ್, ಅಂದರೆ ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ, ಎತ್ತುತ್ತದೆ. ಕ್ಲೇ ನೆಲಕ್ಕೆ ಬಿತ್ತೋ, ಎಸೆದುಬಿಡಿ. ಅದಕ್ಕೆ ಅಂಟಿದ ಒಂದೇ ಮರಳಿನ ಕಾಳು ಸಾಕು.

ಪಾಲಿಶ್ ಮೆಷಿನ್ ತಗೊಳ್ಳುವುದಾದರೆ ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ನೇ ತಗೊಳ್ಳಿ. ಬರೀ ಗಿರಗಿರ ತಿರುಗುವ ರೋಟರಿ ಹೊಸಬರಿಗಲ್ಲ. ಕಲಿಯುವ ಕಾಲದಲ್ಲಿ ನನ್ನದೇ ಕಾರಿನ ಬಾನೆಟ್ ಅಂಚಿನಲ್ಲಿ ಅದನ್ನು ಎರಡು ಕ್ಷಣ ಜಾಸ್ತಿ ನಿಲ್ಲಿಸಿದ್ದೆ. ಎತ್ತಿ ನೋಡಿದರೆ ಬಿಳಿ ಪ್ಯಾಡ್ ಕಪ್ಪಗಾಗಿತ್ತು. ಕ್ಲಿಯರ್ ಕೋಟ್ ಹೋಗಿ ಬಣ್ಣವೇ ಕಿತ್ತು ಬಂದಿತ್ತು. ಅಂಚಿನಲ್ಲಿ ಪದರ ತೆಳುವಾಗಿರುತ್ತದೆ, ಈಗ ಅಲ್ಲಿ ಟೇಪ್ ಅಂಟಿಸದೆ ಮೆಷಿನ್ ಮುಟ್ಟುವುದಿಲ್ಲ.

ಇಡೀ ಕಾರಿಗೆ ಕೈಹಾಕಬೇಡಿ. ಒಂದೂವರೆ ಅಡಿ ಚೌಕ ಸಾಕು. ಮೆತ್ತನೆ ಫೋಮ್ ಪ್ಯಾಡ್, ನುಣುಪಾದ ಪಾಲಿಶ್ ಮೂರ್ನಾಲ್ಕು ಹನಿ. ಕಡಿಮೆ ಸ್ಪೀಡಿನಲ್ಲಿ ಹರಡಿ, ಆಮೇಲೆ ಸ್ಪೀಡ್ ಏರಿಸಿ. ಮೆಷಿನ್ ಜೋರಾಗಿದ್ದರೂ ನಿಮ್ಮ ಕೈ ನಿಧಾನವಾಗಿರಲಿ. ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ, ಹೀಗೆ ನಾಲ್ಕು ಸುತ್ತು. ಒರೆಸಿದ ಕೂಡಲೇ ಕನ್ನಡಿಯ ಹಾಗೆ ಹೊಳೆಯುತ್ತದೆ. ಬೀಗಬೇಡಿ, ಪಾಲಿಶಿನ ಎಣ್ಣೆ ಗೀರಿನೊಳಗೆ ತುಂಬಿಕೊಂಡಿರಬಹುದು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಮತ್ತೆ ಟಾರ್ಚ್ ಹಿಡಿಯಿರಿ. ಬಲೆ ಉಳಿದಿದ್ದರೆ ಮಾತ್ರ ಒಂದು ಮೆಟ್ಟಿಲು ಗಟ್ಟಿ ಪ್ಯಾಡ್. ಉಗುರಿಗೆ ತಗಲುವಷ್ಟು ಆಳದ ಗೀರನ್ನು ಬಿಟ್ಟುಬಿಡಿ, ಅದರ ಬೆನ್ನು ಹತ್ತಿದರೆ ಕ್ಲಿಯರ್ ಕೋಟೇ ಉಳಿಯುವುದಿಲ್ಲ. ಕೊನೆಗೆ ಕಾಪಾಡಲು ಮೇಣವೋ, ಸೀಲೆಂಟ್ ಎಂಬ ಕೃತಕ ಲೇಪವೋ, ನಿಮ್ಮಿಷ್ಟ.

ಕಾರು ಒಯ್ಯಲು ಬಂದವರಿಗೆ, "ಮುಂದಿನ ಸಲ ವಿಭೂತಿ ಗಾಜಿಗೆ ಹಚ್ಚಿ" ಅಂದೆ.

"ನಮ್ಮನೆ ಅಮ್ಮ ಒಪ್ಪಲ್ಲ."

"ಹಾಗಾದ್ರೆ ಹಚ್ಚಲಿ ಬಿಡಿ. ಮಾರನೇ ದಿನ ಮೊದಲು ಪೈಪಿನ ನೀರು ಬಿಟ್ಟು ನೆನೆಸಿ. ಬನಿಯನ್ ಮಾತ್ರ ಅಡುಗೆಮನೆಗೆ ಕೊಡಿ, ಮಸಿಬಟ್ಟೆಗಾದರೂ ಆದೀತು."